ಅರ್ಧ ಸರ್ಕಾರ ಕಿಟಕಿಯೊಳಗೆ

ನಮ್ಮ ಎದುರುಮನೆ ಹುಡುಗಿ ಕಾವ್ಯ ಮೊನ್ನೆ ಗ್ರಾಮ ಆಡಳಿತ ಅಧಿಕಾರಿಯಾಗಿ ಕೆಲಸಕ್ಕೆ ಸೇರಿದಳು. ಕುವೆಂಪುನಗರದ ನಮ್ಮ ಬೀದಿಗೆಲ್ಲ ಮೈಸೂರು ಪಾಕ್ ಹಂಚಿ, ಕೊನೆಗೆ ನಮ್ಮನೆಗೆ ಬಂದು ಸೋಫಾ ಮೇಲೆ ಧೊಪ್ಪನೆ ಕೂತು, "ಆಂಟಿ, ಟ್ರೇನಿಂಗಲ್ಲಿ ವಿಪತ್ತು ನಿರ್ವಹಣೆ ಅಂತ ಇಷ್ಟು ದಪ್ಪ ಪುಸ್ತಕ ಕೊಟ್ಟಿದ್ದಾರೆ. ಎರಡು ಪುಟಕ್ಕೇ ನಿದ್ದೆ ಬಂದ್ಬುಡ್ತು. ಮಳೆಗಾಲದಲ್ಲಿ ನಿಜವಾಗ್ಲೂ ಏನ್ ಕೆಲಸ ಇರುತ್ತೆ, ನೀವೇ ಹೇಳ್ಬುಡಿ" ಅಂದಳು.

"ಕೂಗೋದು, ಗೋಗರೆಯೋದು, ಸೀರೆ ಹಿಂಡೋದು" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ ಕಣ್ರೀ. ಅದಕ್ಕೇ ಇದನ್ನ ಬರೆಯೋಕೆ ಕೂತಿದ್ದೀನಿ. ಕಾವ್ಯನಿಗೂ ಆಯಿತು, ಅವಳ ಹಾಗೆ ಹೊಸದಾಗಿ ಸೇರಿ ದಪ್ಪ ಪುಸ್ತಕದ ಮೇಲೆ ತೂಕಡಿಸುತ್ತಿರುವ ಮಕ್ಕಳಿಗೂ ಆಯಿತು.

ನಾನು ಸುಜಾತ. ಗ್ರಾಮ ಲೆಕ್ಕಿಗರ ಕೆಲಸಕ್ಕೆ, ಈಗ ಕಾವ್ಯ ಸೇರಿದ ಅದೇ ಹುದ್ದೆಗೆ ಸೇರಿ, ಕಂದಾಯ ನಿರೀಕ್ಷಕಿಯಾಗಿ, ಅಂದರೆ ಜನರ ಬಾಯಲ್ಲಿ 'ಆರ್‌ಐ ಮೇಡಮ್ಮ' ಆಗಿ ನಿವೃತ್ತಳಾದವಳು. ಅದರ ಮಧ್ಯೆ ಯಾವಾಗ ಏನಾದೆ ಅನ್ನೋದು ಪಿಂಚಣಿ ಕಚೇರಿಯವರಿಗೆ ಗೊತ್ತಿದ್ದರೆ ಸಾಕು.

ನಾನು ಸೇರಿದ ಕಾಲಕ್ಕೆ ಪ್ರವಾಹದ ಮುನ್ನೆಚ್ಚರಿಕೆ ಅಂದರೆ ತಮಟೆ. ಕಪಿಲೆ ದಂಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಅಣೆಕಟ್ಟೆಯಿಂದ ನೀರು ಬಿಡುತ್ತಾರೆ ಅಂತ ತಾಲ್ಲೂಕು ಕಚೇರಿಗೆ ಫೋನ್ ಬರುತ್ತಿತ್ತು. ಅಲ್ಲಿಂದ ಒಬ್ಬ ಸೈಕಲ್ ಹತ್ತಿ ಹೊರಡುತ್ತಿದ್ದ. ಅವನು ಬಂದು ಹೇಳುವಷ್ಟರಲ್ಲಿ ಎಷ್ಟೋ ಸಲ ನೀರೇ ಬಂದು ಹೇಳಿಬಿಟ್ಟಿರುತ್ತಿತ್ತು. ಗ್ರಾಮ ಸಹಾಯಕ ತಮಟೆ ಬಾರಿಸಿಕೊಂಡು ಬೀದಿಬೀದಿ ಕೂಗುತ್ತಿದ್ದ, ಹಿಂದೆ ನಾನು ಕೊಡೆ ಹಿಡಿದು ಗಂಭೀರವಾಗಿ ನಡೆಯುತ್ತಿದ್ದೆ. ಜನ ಹೊಳೆ ಕಡೆ ಒಂದು ಸಲ ನೋಡಿ, ದಂಡೆಯ ಮಂಟಪದ ಯಾವ ಮೆಟ್ಟಿಲು ಮುಳುಗಿದೆ ಅಂತ ನೋಡಿ, ತಮ್ಮ ಪಾಡಿಗೆ ಸಾಮಾನು ಕಟ್ಟುತ್ತಿದ್ದರು. ಮೇಲಿನ ಬೀದಿಯ ನೆಂಟರ ಮನೆಗೆ ಹೋಗುತ್ತಿದ್ದರು, ನೀರಿಳಿದ ಮೇಲೆ ಬರುತ್ತಿದ್ದರು. ನೆಂಟರಿಗೆ ಬೇಸರ ಬರೋದರೊಳಗೆ ಹೊಳೆ ಇಳಿದಿರುತ್ತಿತ್ತು. ಹೊಳೆಗೂ ಒಂದು ಮರ್ಯಾದೆ ಇತ್ತು ಆಗ.

ಅಂಥ ಒಂದು ಹಳ್ಳಿಯಲ್ಲಿ ಎಲ್ಲರಿಗಿಂತ ಕೊನೆಗೆ ಮನೆ ಬಿಡುತ್ತಿದ್ದವಳು ನಿಂಗಮ್ಮ. ಗಂಡ ಇಲ್ಲ, ಸೊಂಟದ ಮೇಲೊಂದು ಮಗ, ಮೈಯೆಲ್ಲ ಬಾಯಿ. ನಾನು ಹೋಗಿ ನಿಂತರೆ, "ಇನ್ನೂ ಟೇಮದೆ ಬುಡಿ ಮೇಡಮ್ಮ, ಇಟ್ಟು ಬೆಂದದೆ. ನೀವೂ ಒಂದು ತುತ್ತು ಉಂಡ್ಕೊಳಿ, ಆಮೇಕೆ ಓಗಾನ" ಅನ್ನುತ್ತಿದ್ದಳು. ನೀರು ಹಿತ್ತಿಲಿಗೆ ಬಂದಿರುತ್ತಿತ್ತು, ನಾನು ಅಲ್ಲೇ ಮುದ್ದೆ ನುಂಗುತ್ತಿದ್ದೆ! ಸರ್ಕಾರಿ ನೌಕರಳಾಗಿ ಪ್ರವಾಹದ ಎದುರು ಕೂತು ಅವರೆಕಾಳು ಸಾರು ಸುರಿದವಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಮೇಲಿನವರ ಕಥೆ ಒಂದು ಹೇಳಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಒಬ್ಬ ಸಾಹೇಬರು ನೀರು ನೋಡಲು ಬಂದರು. ಹೊಸ ಬೂಟು. ನೆನೆಯಬಾರದು ಅಂತ ಇಬ್ಬರು ಸಹಾಯಕರ ಹೆಗಲ ಮೇಲೆ ಕೂತು ಬೀದಿಯಲ್ಲಿ ಹೊರಟರು. ದೇವರ ಅಡ್ಡಪಲ್ಲಕ್ಕಿ ಹೋದ ಹಾಗೆ ಕಂಡು, ಒಬ್ಬ ಅಜ್ಜಿ ಜಗಲಿ ಮೇಲಿಂದ ಕೈ ಮುಗಿದುಬಿಟ್ಟಳು. ಸಾಹೇಬರಿಗೆ ಖುಷಿಯಾಗಿ ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದರು. ಕೈ ಎತ್ತಿದ್ದೇ ಎಡವಟ್ಟಾಯಿತು. ಆಮೇಲೆ ಬೂಟೊಂದೇ ಅಲ್ಲ, ಕನ್ನಡಕವನ್ನೂ ಹುಡುಕಬೇಕಾಯಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹುಡುಕಿದೆ.

ಕಾಲ ಬದಲಾಯಿತು. ತಮಟೆ ಹೋಗಿ ಮೈಕಿನ ಆಟೋ ಬಂತು, ಮೈಕಿನ ಜೊತೆಗೆ ಮೊಬೈಲಿನ ಮೆಸೇಜೂ ಬಂತು. ನೆರೆ ಸಂತ್ರಸ್ತರನ್ನು ಇರಿಸುವ ಗಂಜಿ ಕೇಂದ್ರಕ್ಕೆ ಆ ಹೆಸರು ಚೆನ್ನಾಗಿಲ್ಲ ಅಂತ ಕಾಳಜಿ ಕೇಂದ್ರ ಅಂತ ಮಾಡಿದರು. ಗಂಜಿ ಹೋಗಿ ಉಪ್ಪಿಟ್ಟು ಬಂತು. ಇದೆಲ್ಲ ಕಾಗದದ ಮೇಲಿನ ಬದಲಾವಣೆ. ನಿಜವಾಗಿ ಬದಲಾದದ್ದು ಮಳೆ. ನಾನು ಚಿಕ್ಕವಳಿದ್ದಾಗ ಮೈಸೂರಿನ ಆಷಾಢ ಅಂದರೆ ಗಾಳಿ, ಹಿಟ್ಟು ಜರಡಿ ಹಿಡಿದ ಹಾಗೆ ಸೋನೆ ಮಳೆ. ಕೊಡೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಸರ್ವೀಸು ಅರ್ಧವಾಗುವಷ್ಟರಲ್ಲೇ ಆಷಾಢದಲ್ಲಿ ಫ್ಯಾನ್ ಹಾಕಿಕೊಂಡು ಬೆವರು ಒರೆಸುತ್ತಿದ್ದೆವು. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ, ತಿಂಗಳಿಡೀ ಬರಬೇಕಾಗಿದ್ದ ಮಳೆ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಸುರಿದು ಹೋಗುತ್ತಿತ್ತು. ಹೊಳೆಯೂ ಮರ್ಯಾದೆ ಬಿಟ್ಟಿತು. ನಿಂಗಮ್ಮನ ಮನೆಗೆ ನುಗ್ಗಿತು, ಅವಳ ನೆಂಟರ ಮೇಲಿನ ಬೀದಿಗೂ ನುಗ್ಗಿತು. ಎರಡನೇ ಸಲ ನುಗ್ಗಿದಾಗ ನಿಂಗಮ್ಮ ಹೊಳೆಗೆ ಬಾಯಿ ತುಂಬ ಬೈದು, ಪಾತ್ರೆ ಕಟ್ಟಿಕೊಂಡು, ಮಗನ ಕೈ ಹಿಡಿದು ಊರು ಬಿಟ್ಟಳಂತೆ. ನನಗೆ ವರ್ಗವಾಗಿತ್ತು, ಆಮೇಲೆ ಸುದ್ದಿ ಗೊತ್ತಾಯಿತು.

ಎಷ್ಟೋ ವರ್ಷದ ಮೇಲೆ ಅವಳು ಸಿಕ್ಕಿದ್ದು ಕಡಕೊಳದ ಹತ್ತಿರ. ಅಲ್ಲಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬರುವವರು ಬಾಡಿಗೆಗೆ ಇರುವ ಒಂದು ಬಡಾವಣೆ, ಶೀಟಿನ ಮನೆಗಳ ಸಾಲು. ನಾನು ಆ ಭಾಗಕ್ಕೆ ಆರ್‌ಐ ಆಗಿ ಹೋದ ಹೊಸತು. ಒಂದು ಮನೆಯಿಂದ "ಅಯ್ಯೋ, ನಮ್ ಮೇಡಮ್ಮ!" ಅಂತ ಕೂಗು. ನಿಂಗಮ್ಮ! ಕೂದಲು ಬೆಳ್ಳಗಾಗಿತ್ತು, ಬಾಯಿ ಅಷ್ಟೇ ಇತ್ತು. ಸೊಂಟದ ಮೇಲಿದ್ದ ಮಗ ಮಾದೇವ ಈಗ ಕಾರ್ಖಾನೆಯಲ್ಲಿ ಮೆಷಿನ್ ಓಡಿಸುವ ಹೆಗಲಗಲದ ಗಂಡಸು. "ಇಲ್ಲಿ ಒಳೆ ಕಾಟ ಇಲ್ಲ ಕಣವ್ವ, ಎಂಥ ಸುಖ" ಅಂದಳು. ನಾನು ಸುತ್ತ ನೋಡಿದೆ. ಮೂರು ಕಡೆ ದಿಣ್ಣೆ, ಒಂದು ಕಡೆ ಉದ್ದಕ್ಕೆ ಮಣ್ಣಿನ ಏರಿ.  ಅದು ಕೆರೆಯ ಅಂಗಳ! ನೀರು ಕಾಣದೆ ಎಷ್ಟೋ ವರ್ಷವಾಗಿ, ಕೆರೆ ಅನ್ನೋದು ಊರಿಗೆ ಮರೆತುಹೋಗಿ, ಯಾರೋ ಪುಣ್ಯಾತ್ಮ ಸೈಟ್ ಮಾಡಿ ಶೀಟ್ ಹೊಡೆದು ಬಾಡಿಗೆಗೆ ಬಿಟ್ಟಿದ್ದ. ಹೊಳೆಗೆ ಹೆದರಿ ಓಡಿಬಂದವಳು ಕೆರೆಯೊಳಗೆ ಸಂಸಾರ ಹೂಡಿದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವರದಿ ಬರೆದೆ, ಮತ್ತೆ ಬರೆದೆ. ಮೇಲಿನವರು, "ಒಣಗಿದ ಕೆರೆ ಅಲ್ವೇನ್ರೀ ಅದು" ಅಂದರು. ಕೆರೆಗೆ ಅದು ಗೊತ್ತಿರಬೇಕಲ್ಲ!

ಮುಂದಿನ ವರ್ಷ ಜ್ಯೇಷ್ಠದಲ್ಲಿ ಮಾದೇವನ ಮದುವೆಯಾಯಿತು. ಹುಡುಗಿ ಲತಾ, ಕೊಡಗಿನವಳು, ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆದವಳು. ಮೆಲ್ಲಗೆ ಮಾತಾಡುವ ಮಗು. ನಾನು ಬೌದ್ಧರ ಮನೆಯ ಹೆಣ್ಣು. ನಮ್ಮಪ್ಪ ಮನೆಯಿಂದ ಇಂಥ ಶಾಸ್ತ್ರಗಳನ್ನೆಲ್ಲ ನಾನು ಹುಟ್ಟುವ ಮೊದಲೇ ಹೊರಗೆ ಹಾಕಿದ್ದರು. ಹಾಗಾಗಿ ಆಷಾಢ ಅಂದರೆ ನನಗೆ ಜವಳಿ ಅಂಗಡಿ ರಿಯಾಯಿತಿ, ಬೆಟ್ಟದ ಶುಕ್ರವಾರದ ಟ್ರಾಫಿಕ್ಕು, ಅಷ್ಟೇ. ಹೊಸ ಸೊಸೆ, ಅತ್ತೆ ಆಷಾಢದಲ್ಲಿ ಒಂದೇ ಹೊಸಿಲು ದಾಟಬಾರದು, ಅದಕ್ಕೇ ಸೊಸೆ ತಿಂಗಳ ಮಟ್ಟಿಗೆ ತವರಿಗೆ ಹೋಗುತ್ತಾಳೆ, ಅಳಿಯನೂ ಆ ತಿಂಗಳು ಅತ್ತೆ ಮನೆ ಹೊಸಿಲು ತುಳಿಯುವ ಹಾಗಿಲ್ಲ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವಳು ನಿಂಗಮ್ಮ. ಆದರೆ ಆ ವರ್ಷ ಲತಾಳ ತವರಿನ ಕಡೆ ಬೆಟ್ಟ ಜರುಗಿ, ರಸ್ತೆಯೂ ಹೋಗಿ, ಅವಳ ಅಪ್ಪ ಅಮ್ಮನೇ ಅಲ್ಲೊಂದು ಕಾಳಜಿ ಕೇಂದ್ರದಲ್ಲಿ ಚಾಪೆ ಹಾಸಿಕೊಂಡಿದ್ದರು. ಹುಡುಗಿಗೆ ಹೋಗಲು ತವರೇ ಇರಲಿಲ್ಲ.

ನಿಂಗಮ್ಮ ಬುದ್ಧಿವಂತೆ. ಶೀಟಿನ ಮನೆಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. "ಮುಂದ್ಲ ಬಾಗ್ಲು ಅವಳ್ದು, ಇತ್ಲ ಬಾಗ್ಲು ನಂದು" ಅಂತ ಸಂಸಾರ ಹಂಚಿದಳು. ನಾನು ಹೋದರೆ ಒಂದೇ ಮನೆಯಿಂದ ಇಬ್ಬರು ಎರಡು ಕಡೆಯಿಂದ ಬಂದು ಮಾತಾಡಿಸುತ್ತಿದ್ದರು. "ನಿಂಗಮ್ಮ, ಇದೇನ್ ನಾಟಕ!" ಅಂದರೆ, "ಪಾಪದ ಮಗ ಅದು, ತವರು ಕಳ್ಕೊಂಡು ಕೂತದೆ. ನನ್ನ ದೆಸೆಯಿಂದ ಅವಳ್ಗೆ ಏನಾರಾ ಆದ್ರೆ ನಾನು ಬದುಕಿರಾದು ಎಂಗೆ?" ಅಂದಳು. ಅದು ಬರೀ ಮೂಢನಂಬಿಕೆ ಅಂತ ತಳ್ಳಿಹಾಕೋಕೆ ನನ್ನಿಂದ ಆಗಲಿಲ್ಲ. ಅವಳ ಪ್ರೀತಿ ಆ ಎರಡು ಬಾಗಿಲಲ್ಲಿ ಓಡಾಡುತ್ತಿತ್ತು.

ಬಂತು ನೋಡಿ ಆ ಆಷಾಢ ಶುಕ್ರವಾರ. ಊರಿನ ಬಸ್ಸು, ಪೊಲೀಸು, ಆಂಬುಲೆನ್ಸು, ನಮ್ಮ ತಹಶೀಲ್ದಾರರು, ಎಲ್ಲ ಚಾಮುಂಡಿ ಬೆಟ್ಟದ ಮೇಲೆ ಭಕ್ತಾದಿಗಳ ಬಂದೋಬಸ್ತಿನಲ್ಲಿ. ಕೆಳಗೆ ನಾನು. ಬೆಳಗ್ಗೆ ಆಕಾಶ ಹರಿದುಕೊಂಡು ಬಿತ್ತು. ಮೇಲಿನ ಕೆರೆಗಳು ಕೋಡಿ ಬಿದ್ದು, ನೀರು ತನ್ನ ಹಳೇ ದಾರಿ ಹುಡುಕಿಕೊಂಡು ನಮ್ಮ ಬಡಾವಣೆಗೆ ಇಳಿಯತೊಡಗಿತು. ಮೊಬೈಲಿಗೆ ಮೆಸೇಜ್ ಹೋಯಿತು. ಯಾರೂ ಕದಲಲಿಲ್ಲ. ಅಲ್ಲಿ ಒಡಿಶಾದವರಿದ್ದರು, ಬಿಹಾರದವರಿದ್ದರು, ರಾಯಚೂರಿನವರಿದ್ದರು. ಮೆಸೇಜು ಕನ್ನಡದ ಆಫೀಸು ಭಾಷೆಯಲ್ಲಿತ್ತು, ನನಗೇ ಎರಡು ಸಲ ಓದಬೇಕಾಯಿತು.

ಮೈಕಿನ ಆಟೋಗೆ ಫೋನ್ ಮಾಡಿದೆ. ಎಲ್ಲ ಆಟೋಗಳೂ ಬೆಟ್ಟದ ದಾರಿಯಲ್ಲಿ, ಚಪ್ಪಲಿ ಇಲ್ಲಿ ಬಿಡಿ, ಕ್ಯೂ ಅಲ್ಲಿ ನಿಲ್ಲಿ ಅಂತ ಕೂಗಲು ಹೋಗಿದ್ದವು. ಸಿಕ್ಕಿದವನು ಸಲೀಂ ಒಬ್ಬನೇ. ಅವನು ನಂಜನಗೂಡು ರಸ್ತೆಯಲ್ಲಿ ಜವಳಿ ಅಂಗಡಿಯೊಂದರ ಆಷಾಢ ಸೇಲ್ ಕೂಗಿಸುತ್ತಿದ್ದ. "ಬಂದೆ ಅಕ್ಕಾ" ಅಂತ ಬಂದವನು ನಾನು ಹೇಳಿದ ಎಚ್ಚರಿಕೆಯನ್ನು ರೆಕಾರ್ಡ್ ಮಾಡಿಕೊಂಡು ಹಾಕಿದ. ಹಾಕಿದನೋ, ಪಾಪ, ಹಳೇದನ್ನು ತೆಗೆಯಲು ಮರೆತ. ಬೀದಿಯಲ್ಲಿ ಮೊದಲು ನನ್ನ ದನಿ, "ನಾಗರಿಕರೇ, ಕೂಡಲೇ ಮನೆಗಳಿಂದ ಹೊರಗೆ ಬನ್ನಿ." ಹಿಂದೆಯೇ ಒಬ್ಬಳು ಕೋಗಿಲೆಕಂಠದವಳು, "ಬನ್ನಿ ಬನ್ನಿ, ಒಂದು ಸೀರೆ ಕೊಂಡರೆ ಇನ್ನೊಂದು ಉಚಿತ, ಇವತ್ತೇ ಕೊನೆಯ ದಿನ!"

ನಾನು ತಲೆ ತಲೆ ಚಚ್ಚಿಕೊಂಡೆ. ಅಷ್ಟರಲ್ಲಿ ಬಾಗಿಲುಗಳು ತೆರೆದವು ನೋಡಿ, ಪಟಪಟ ಪಟಪಟ! ಹೆಂಗಸರೆಲ್ಲ ಬ್ಯಾಗ್ ಹಿಡಿದು, ಮಕ್ಕಳನ್ನು ಎತ್ತಿಕೊಂಡು, ಪಾದ ಮುಳುಗುವ ನೀರಿನಲ್ಲಿ ಆಟೋ ಕಡೆ ಓಡಿಬಂದರು. ಯಾವ ಭಾಷೆಯವರಿಗೂ ಸೀರೆ ಅರ್ಥವಾಗಿತ್ತು. ಹೆಂಗಸರು ಹೊರಟರೆ ಗಂಡಸರೂ ಹಿಂದೆ. "ಎಲ್ಲಿ ಮೇಡಂ ಸೇಲು?" ಅಂದವರಿಗೆ, "ಸ್ಕೂಲಲ್ಲಿ, ಸ್ಕೂಲಲ್ಲಿ, ಹತ್ತಿ ಹತ್ತಿ!" ಅಂದುಬಿಟ್ಟೆ. ಇಟ್ಟಿಗೆ ಟ್ರ್ಯಾಕ್ಟರುಗಳನ್ನು ತಡೆದು ನಿಲ್ಲಿಸಿಕೊಂಡಿದ್ದೆ. ತುಂಬಿದ್ದೇ ತುಂಬಿದ್ದು. ಸರ್ಕಾರದ ಭಯಕ್ಕೆ ಬಾರದವರು ರಿಯಾಯಿತಿ ಆಸೆಗೆ ಬಂದರು. ದಿಣ್ಣೆ ಮೇಲಿನ ಸರ್ಕಾರಿ ಶಾಲೆ ತಲುಪಿ, ಕೆಳಗೆ ತಮ್ಮ ಮನೆಗಳ ಕಿಟಕಿಯವರೆಗೆ ನೀರು ಏರಿದ್ದನ್ನು ಕಂಡ ಮೇಲೆ ಯಾರೂ ಸೀರೆ ಕೇಳಲಿಲ್ಲ. ಒಬ್ಬಳು ಮಾತ್ರ ಸಂಜೆ ಮೆಲ್ಲಗೆ ಕೇಳಿದಳು.

ಲತಾನೂ ಟ್ರ್ಯಾಕ್ಟರ್ ಹತ್ತಿ ಶಾಲೆಗೆ ಬಂದಿದ್ದಳು. ನನ್ನನ್ನು ಕಂಡವಳೇ, "ಮೇಡಂ, ಅತ್ತೆ ಬರ್ಲಿಲ್ಲ. ಕರೆದೆ, ನೀನು ಹೋಗು ಅಂತ ತಳ್ಳಿದ್ರು" ಅಂತ ಅಳತೊಡಗಿದಳು. ಮಾದೇವ ಕಾರ್ಖಾನೆಯಲ್ಲಿ, ಫೋನ್ ಸಿಗುತ್ತಿಲ್ಲ.

ನಾನೂ ಸಲೀಮನೂ ಅಷ್ಟರಲ್ಲಿ ಬಂದಿದ್ದ ಅಗ್ನಿಶಾಮಕದವರ ದೋಣಿಯಲ್ಲಿ ಹೋದೆವು. ನಿಂಗಮ್ಮ ಮಂಚದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು, ಮಂಚದ ಕಾಲು ಮುಳುಗಿತ್ತು. ತಡಿಕೆಯ ಮೇಲೆ ಒಂದು ಕೋಳಿ.

"ಏಳು ನಿಂಗಮ್ಮ, ಇವತ್ತು ಇಟ್ಟು ಬೇಯಿಸೋಕೆ ಟೈಮ್ ಇಲ್ಲ" ಅಂದೆ.

"ನಾ ಬರಾಕಿಲ್ಲ ಮೇಡಮ್ಮ. ಆ ಇಸ್ಕೂಲ್ಗೆ ಒಂದೇ ಬಾಗ್ಲು. ಓಟಾಕಕ್ಕೆ ಓಗಿವ್ನಿ, ಕಂಡಿವ್ನಿ. ಅವಳು ದಾಟ್ಕಂಡು ಒಳೀಕ್ಕೆ ಓಗಿರ್ತಾಳೆ. ನಾನು ಅದೇ ಒಸ್ಲು ತುಳಿಯಾ?"

"ಅಯ್ಯೋ ನಿನ್ನ! ಪ್ರಾಣ ಹೋಗ್ತದೆ ಕಣೇ!"

"ನಂದು ಓದ್ರೆ ಓಗ್ಲಿ. ಅವಳ್ದು ಎಳೇ ಜೀವ."

ಗೋಡೆಯ ಇಟ್ಟಿಗೆ ಸಂದಿಯಿಂದ ನೀರು ಚಿಮ್ಮುತ್ತಿತ್ತು.  "ಬಾಗಿಲು ಬೇಡ, ಶಾಲೆ ಜಗಲಿವರೆಗೆ ಬಾ. ಜಗಲಿಗೆ ಹೊಸಿಲಿಲ್ಲ" ಅಂದೆ. ನಿಂಗಮ್ಮ ಯೋಚಿಸಿದಳು. ಯೋಚಿಸಲು ಅವಳಿಗೆ ಅದೆಂಥ ಪುರುಸೊತ್ತು! ಕೊನೆಗೆ "ಕೋಳಿನೂ ಬತ್ತದೆ" ಅಂದಳು. ಕೋಳಿಯನ್ನು ಸಲೀಂ ಹಿಡಿದುಕೊಂಡ. ನಾವು ಶಾಲೆಗೆ ಬಂದ ಸ್ವಲ್ಪ ಹೊತ್ತಿಗೇ ಆ ಗೋಡೆ ಮಂಚದ ಮೇಲೆ ಬಿತ್ತು ಅಂತ ದೋಣಿಯವರು ಬಂದು ಹೇಳಿದರು. 

ಜಗಲಿ ಅಂದೆನಲ್ಲ, ಪಡುವಣ ಗಾಳಿಗೆ ಮಳೆ ಅಡ್ಡಡ್ಡ ಹೊಡೆದು ಜಗಲಿಯೆಲ್ಲ ಕೆರೆಯೇ ಆಗಿತ್ತು. ನಿಂಗಮ್ಮನ ತುಟಿ ನೀಲಿ, ಹಲ್ಲು ಕಟಕಟ. ಒಳಗೆ ಬೆಚ್ಚಗೆ ಒಲೆ, ಉಪ್ಪಿಟ್ಟು, ಒಣಬಟ್ಟೆ. ಅವಳು ಒಳಗೆ ಬಾರಳು. ಲತಾ ಬಾಗಿಲ ಒಳಗಿನಿಂದ "ಅತ್ತೆ, ಬನ್ನಿ ಅತ್ತೆ" ಅಂತ ಅಳುತ್ತಾಳೆ. ಇವಳು ಹೊರಗಿನಿಂದ "ನೀ ದೂರ ನಿಂತ್ಕೊ ಮಗ, ಸೀತ ಆಗ್ತದೆ" ಅನ್ನುತ್ತಾಳೆ. ನಡುಗುತ್ತಿರುವವಳು ಇವಳು!

ಹೆಡ್ ಮೇಷ್ಟ್ರು ವಿಜ್ಞಾನದವರು. "ಅಮ್ಮಾ, ಇದಕ್ಕೆ ಹೊಸಿಲೇ ಇಲ್ಲ, ನೋಡಿ, ಬರೀ ಸಿಮೆಂಟು" ಅಂದರು. ನಿಂಗಮ್ಮ ಬಗ್ಗಿ ನೋಡಿ, "ಚೌಕಟ್ಟು ಅದೆಯಲ್ಲ ಸಾ" ಅಂದಳು. ಮೇಷ್ಟ್ರು ಚೌಕಟ್ಟನ್ನು ನೋಡಿ ತಲೆ ಕೆರೆದುಕೊಂಡರು. ಒಬ್ಬರು ಹೆಂಚು ತೆಗೆದು ಮೇಲಿಂದ ಇಳಿಸೋಣ ಅಂದರು. ಇನ್ನೊಬ್ಬರು ಸೊಸೆ ಒಂದು ಸಲ ಆಚೆ ಬಂದು ಹೋದರೆ ದೋಷ ರದ್ದಾಗುತ್ತೆ ಅಂದರು. ದೊಡ್ಡ ಚರ್ಚೆಯೇ ಆಯಿತು. ಬಿಹಾರದ ಹೆಂಗಸೊಬ್ಬಳು ತಮ್ಮ ಊರಲ್ಲಿ ಏನು ಮಾಡುತ್ತಾರೆ ಅಂತ ಹಿಂದಿಯಲ್ಲಿ ವಿವರಿಸಿದಳು, ಸಲೀಂ ಅದನ್ನು ಕನ್ನಡ ಮಾಡಿದ, ಯಾರಿಗೂ ಉಪಯೋಗವಾಗಲಿಲ್ಲ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಕಿಟಕಿ. ಐದನೇ ತರಗತಿಯ ಕಿಟಕಿಯಲ್ಲಿ ಎರಡು ಸರಳನ್ನು ಮಕ್ಕಳು ಯಾವತ್ತೋ ಕಿತ್ತಿದ್ದರು. "ಕಿಟಕಿಗೆ ಶಾಸ್ತ್ರ ಇಲ್ಲ ತಾನೆ?" ಅಂದೆ. "ಇಲ್ಲ, ಆದ್ರೆ ನಂಗೆ ಆಗಾಕಿಲ್ಲ" ಅಂದಳು ನಿಂಗಮ್ಮ. "ಏನ್ ಮಹಾ, ನನ್ನ ನೋಡು" ಅಂತ ಸೆರಗು ಸಿಕ್ಕಿಸಿ, ಸ್ಟೂಲ್ ಹತ್ತಿ, ತಲೆ ತೂರಿಸಿದೆ. ತಲೆ ಹೋಯಿತು. ಭುಜ ಹೋಯಿತು. ಅರ್ಧ ಸರ್ಕಾರ ಒಳಗೆ ಹೋಯಿತು. ಇನ್ನರ್ಧ ಸರ್ಕಾರ ಹೊರಗೇ ನಿಂತುಬಿಟ್ಟಿತು.

ಅಲ್ಲಾಡಿದೆ. ಆಗಲಿಲ್ಲ. ಒಳಗಿನಿಂದ ಹೆಂಗಸರು ಕೈ ಹಿಡಿದು ಎಳೆದರು, ಹೊರಗಿನಿಂದ ಮೇಷ್ಟ್ರು "ಮೇಡಂ, ಕ್ಷಮಿಸಿ ಮೇಡಂ" ಅಂತ ಯಾವ ಕಡೆ ಹಿಡಿಯಬೇಕು ಅಂತ ತಿಳಿಯದೆ ಸುತ್ತುತ್ತಿದ್ದರು. ಸರಿಯಾಗಿ ಆಗ ಬೆಟ್ಟದ ಮೇಲಿನಿಂದ ತಹಶೀಲ್ದಾರರ ವಿಡಿಯೋ ಕಾಲ್. ಫೋನು ಹೊರಗಿನ ಅರ್ಧದ ಹತ್ತಿರ, ಸಲೀಂ ಕೈಯಲ್ಲಿತ್ತು. ಆ ಮಹಾನುಭಾವ ಎತ್ತಿಬಿಟ್ಟ! "ಸಾರ್ ಸಾರ್, ಮೇಡಂ ಇಲ್ಲೇ ಇದ್ದಾರೆ" ಅಂತ ಕ್ಯಾಮೆರಾ ಹಿಡಿದ.

"ಯಾರ್ರೀ ಇದು? ಸುಜಾತ ಅವರು ಎಲ್ಲಿ?" ಅಂದರು ಸಾಹೇಬರು. ಹಿಂದೆ ಬೆಟ್ಟದ ಗಂಟೆ ಢಣಢಣ.

"ಇಲ್ಲೇ ಇದ್ದೀನಿ ಸಾರ್" ಅಂತ ಗೋಡೆಯ ಒಳಗಿಂದ ಕೂಗಿದೆ. "ಕಾಳಜಿ ಕೇಂದ್ರದ ಪ್ರವೇಶ ವ್ಯವಸ್ಥೆ ಪರಿಶೀಲಿಸ್ತಿದ್ದೀನಿ ಸಾರ್!"

ಹೊರಗೆ ಏನೋ ಸದ್ದು. ಕೆಮ್ಮು ಅಂದುಕೊಂಡೆ, ಗಾಬರಿಯಾಯಿತು. ಅಲ್ಲ, ನಿಂಗಮ್ಮ ನಗುತ್ತಿದ್ದಳು. ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ನಡುಗುತ್ತಾ ನಡುಗುತ್ತಾ ನಗು. ಒಳಗೆ ಅಳುತ್ತಿದ್ದ ಲತಾಗೂ ನಗು ಬಂತು. ಇಡೀ ಶಾಲೆ ನಕ್ಕಿತು. ನನಗೆ ಸಿಟ್ಟು, ನಾಚಿಕೆ, ಸೊಂಟ ನೋವು, ಜೊತೆಗೆ ತಡೆಯಲಾರದ ನಗು. ಆ ಅವಸ್ಥೆಯಲ್ಲಿ ಕಿರುಚಿದೆ. "ನೋಡೇ ನಿಂಗಮ್ಮ, ಅವಳಿಗೆ ತವರಿಲ್ಲ ಅಂತ ತಾನೇ ಇಷ್ಟೆಲ್ಲ? ಇದೇ ಅವಳ ತವರು! ನಾನೇ ಅವಳಮ್ಮ! ಆಯ್ತಾ? ಈಗ ಒಳಗೆ ಬಾ!"

ನಗು ನಿಂತಿತು. "ನಿಜವಾ ಮೇಡಮ್ಮ?" ಅಂದಳು ನಿಂಗಮ್ಮ. "ತಮಾಸೆ ಮಾತಲ್ಲ ಇದು. ಮಾತು ಮಾತೇ?"

"ಮಾತು ಮಾತೇ. ಮೊದಲು ನನ್ನ ಎಳೀರಿ!"

ಎಳೆದು ಬಿಡಿಸಿದರು. ನಿಂಗಮ್ಮ ಅಷ್ಟರಲ್ಲಿ ಸೆರಗು ಸರಿಮಾಡಿಕೊಂಡು, ಜಡೆ ಹಿಂಡಿಕೊಂಡು ಬಾಗಿಲ ಮುಂದೆ ಗಂಭೀರವಾಗಿ ನಿಂತಿದ್ದಳು. ಒಳಗೆ ಬರಲಿಲ್ಲ. "ಇನ್ನೇನೇ?" ಅಂದೆ.

"ಇದು ಬೀಗರ ಮನೆ ಆಯ್ತಲ್ಲ. ನೆಂಟ್ರಿಗೆ ಒಸ್ಲು ದೋಸ ಇಲ್ಲ. ಆದ್ರೆ ಬೀಗಿತ್ತಿ ಕರೀದೆ ಎಂಗ್ ಬರ್ಲಿ?"

ಸರಸ್ವತಿ ಫೋಟೋದ ಮುಂದಿನ ಕುಂಕುಮದ ಬಟ್ಟಲನ್ನು ಮೇಷ್ಟ್ರು ಓಡಿಹೋಗಿ ತಂದರು. ನಮ್ಮಪ್ಪ ನೋಡಿದ್ದರೆ ಏನನ್ನುತ್ತಿದ್ದರೋ. ಒಂದು ಜೀವ ಒಳಗೆ ಬರುತ್ತದೆ ಅಂದರೆ ಅವರೇ ಬಟ್ಟಲು ಹಿಡಿದುಕೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ. ಆ ನಡುಗುವ ಹಣೆಗೆ ಕುಂಕುಮ ಇಡಲು ಹೋದರೆ, "ನಂಗೆ ಬ್ಯಾಡ, ಗಂಡ ಇಲ್ದೋಳು" ಅಂದಳು. "ನಮ್ಮ ಮನೇಲಿ ಆ ಶಾಸ್ತ್ರ ಇಲ್ಲ" ಅಂತ ಗದರಿ ಇಟ್ಟೇಬಿಟ್ಟೆ. "ಬನ್ನಿ ಬೀಗಿತ್ತಿ, ಒಳಗೆ ಬನ್ನಿ." ನಿಂಗಮ್ಮ ಬಲಗಾಲಿಟ್ಟು ಬಂದಳು, ಕಂಕುಳಲ್ಲಿ ಕೋಳಿ. ಲತಾ ಓಡಿಬಂದು ಅವಳನ್ನು ಕಂಬಳಿಯಲ್ಲಿ ಸುತ್ತಿ ತಬ್ಬಿಕೊಂಡಳು. ನಾನು ಉಪ್ಪಿಟ್ಟಿನ ಪಾತ್ರೆ ಕಡೆ ತಿರುಗಿಕೊಂಡೆ.

ಕಥೆ ಮುಗಿಯಿತು ಅಂದುಕೊಂಡಿರಾ? ಸಂಜೆ ಮಾದೇವ ಎದೆ ಹೊಡೆದುಕೊಂಡು ಓಡಿಬಂದ. ಬಾಗಿಲಲ್ಲೇ ನಿಂಗಮ್ಮ ಕೈ ಅಡ್ಡ ಹಿಡಿದಳು. "ಎಲ್ಗ್ಲಾ ನುಗ್ತೀಯ? ಇದು ನಿಮ್ಮತ್ತೆ ಮನೆ! ಆಸಾಡದಲ್ಲಿ ಅಳಿಯ ಒಸ್ಲು ತುಳಿಯಂಗಿಲ್ಲ!" ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ. "ಯಾವ ಅತ್ತೆ?" ಅಂದ. ಒಳಗಿದ್ದವರೆಲ್ಲ ನನ್ನ ಕಡೆ ಕೈ ತೋರಿಸಿದರು. ಕೇಂದ್ರ ಮುಚ್ಚುವವರೆಗೂ ಅವನು ಮಲಗಿದ್ದು ಸಲೀಮನ ಮೈಕಿನ ಆಟೋದಲ್ಲಿ. ಲತಾ ಆ ಸರಳಿಲ್ಲದ ಕಿಟಕಿಯಿಂದ ಅವನಿಗೆ ತಟ್ಟೆ ಕೊಡುತ್ತಿದ್ದಳು. ತಟ್ಟೆ ಕೊಡೋದಕ್ಕೆ ಅಷ್ಟು ಹೊತ್ತು ಯಾಕೆ ಬೇಕು ಅಂತ ನಾವ್ಯಾರೂ ಕೇಳಲಿಲ್ಲ.

ತಹಶೀಲ್ದಾರ್ ಸಾಹೇಬರು ಆಮೇಲೆ ನನ್ನನ್ನು ಕರೆಸಿ ಗಂಭೀರವಾಗಿ ಕೇಳಿದರು. "ಜಿಲ್ಲೆಯಲ್ಲೇ ಬೇಗ ಖಾಲಿಯಾದ ಬಡಾವಣೆ ನಿಮ್ಮದು. ಯಾವ ವಿಧಾನ ಅನುಸರಿಸಿದ್ರಿ?" ನಾನು ಸೀರೆ ಅಂದೆ. ಅವರು ಬರೆದುಕೊಳ್ಳಲಿಲ್ಲ.

ದೀಪಾವಳಿ ಬಂತು. ನನ್ನ ನಿವೃತ್ತಿಯೂ ಆಗಿತ್ತು. ನಮ್ಮೆಜಮಾನರು, ಹೈಸ್ಕೂಲಿನ ಡ್ರಿಲ್ ಮಾಸ್ಟರಾಗಿದ್ದವರು, ಬಾಗಿಲು ತೆರೆದು ನೋಡಿ ಒಳಗೆ ಬಂದು, "ನಿನಗೆ ಮಗಳಿದ್ದಾಳೇನೇ?" ಅಂದರು. ಬಾಗಿಲಲ್ಲಿ ಹೊಸ ಸೀರೆ ಉಟ್ಟ ಲತಾ, ಮಾದೇವ, ನಿಂಗಮ್ಮ. ಹಿಂದೆ ಸಂಕೋಚದಿಂದ ಮುದುರಿಕೊಂಡ ಇನ್ನಿಬ್ಬರು. ಲತಾಳ ಅಪ್ಪ, ಅಮ್ಮ. ಬೆಟ್ಟದ ಮೇಲೆ ಮತ್ತೆ ಮನೆ ಕಟ್ಟುವ ಹಾಗಿಲ್ಲ ಅಂತಾಗಿ, ಅವರೂ ಕಡಕೊಳಕ್ಕೆ ಬಂದಿದ್ದರು. ಎರಡು ಕುಟುಂಬವೂ ಸೇರಿ ದಿಣ್ಣೆ ಮೇಲೆ ಒಂದೇ ಮನೆ ಬಾಡಿಗೆಗೆ ಹಿಡಿದಿದ್ದರು.

"ನೋಡಿ ಬೀಗಿತ್ತಿ" ಅಂದಳು ನಿಂಗಮ್ಮ, ಈಗ ನಾನು ಮೇಡಮ್ಮ ಅಲ್ಲ. "ಇವಳ ತವರೂ ನಮ್ಮನೇಲೇ ಬಂದು ಕೂತದೆ. ಮೊದಲ್ನೇ ದೀಪಾವಳಿಗೆ ಅಳಿಯ ಎಲ್ಲಿಗೋಗ್ಬೇಕು? ನೀವು ಮಾತು ಕೊಟ್ಟಿದ್ರಲ್ಲ, ಬಂದ್ಬುಟ್ಟೋ."

ಲತಾಳ ತಾಯಿ ನನ್ನ ಕೈ ಹಿಡಿದುಕೊಂಡೇ ನಿಂತಳು. ನಿಂಗಮ್ಮ ಸೊಸೆಯ ಕೈ ಹಿಡಿದು, "ಈಗ ಆಸಾಡ ಅಲ್ಲ, ಬಾ ಮಗ" ಅಂತ ಇಬ್ಬರೂ ಒಟ್ಟಿಗೇ ನಮ್ಮ ಹೊಸಿಲು ದಾಟಿದರು. ನಮ್ಮೆಜಮಾನರು ನನ್ನ ಕಿವಿಯಲ್ಲಿ "ಅಳಿಯನಿಗೆ ಏನು ಕೊಡಬೇಕೇ?" ಅಂತ ಪೇಚಾಡಿ, ಕೊನೆಗೆ ತಮ್ಮ ಹೊಸ ಪಂಚೆ ತಂದು ಕೊಟ್ಟರು. ನಿಂಗಮ್ಮ ಊಟಕ್ಕೆ ಮುಂಚೆ ಮನೆಯೆಲ್ಲ ಸುತ್ತಿ ನೋಡಿದಳು. "ಇತ್ಲಲ್ಲೂ ಬಾಗ್ಲದೆ" ಅಂತ ತೃಪ್ತಿಯಿಂದ ಬಂದು ಕೂತಳು.

ಕಾವ್ಯ, ನಿನ್ನ ದಪ್ಪ ಪುಸ್ತಕದಲ್ಲಿ ಜನರನ್ನು ಎಬ್ಬಿಸೋದು ಹೇಗೆ ಅಂತ ಅಧ್ಯಾಯವಿದೆ ಅಂದೆಯಲ್ಲ. ಓದು, ಬೇಡ ಅನ್ನಲ್ಲ. ಆದರೆ ನಿನ್ನೆ ಮಧ್ಯಾಹ್ನ ನಡೆದದ್ದನ್ನೂ ಕೇಳು. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಮೋಡ ಕಟ್ಟುತ್ತಿತ್ತು, ಅಷ್ಟೇ. ಹನಿ ಬಿದ್ದಿರಲಿಲ್ಲ, ಯಾರ ಮೊಬೈಲಿಗೂ ಮೆಸೇಜ್ ಬಂದಿರಲಿಲ್ಲ. ಬೆಲ್ ಆಯಿತು. ಹೊಳೆ ಹಿತ್ತಿಲಿಗೆ ಬಂದರೂ ಏಳದೆ ಮುದ್ದೆ ಕಟ್ಟುತ್ತಾ ಕೂರುತ್ತಿದ್ದ ನಿಂಗಮ್ಮ, ಕಡಕೊಳದಿಂದ ಎಲ್ಲರಿಗಿಂತ ಮೊದಲು ಹೊರಟು, ಬ್ಯಾಗು, ಕೋಳಿ, ಬಸುರಿ ಸೊಸೆ ಸಮೇತ ಬಾಗಿಲಲ್ಲಿ ನಿಂತಿದ್ದಳು.

"ಮಳೆ ಬತ್ತದೇನೋ ಬೀಗಿತ್ತಿ" ಅಂದಳು. "ಅದ್ಕೆ ಬಂದ್ಬುಟ್ಟೆ."